ಹೊಳೆಗಿಳಿದವರ ಕಂಬಳಿ ಕೊಪ್ಪೆ

1873ರಲ್ಲಿ ಮಂಗಳೂರಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಹೆಸರು ‘ದಿ ರಾಡ್ ಇನ್ ಇಂಡಿಯಾ’, ವಿಷಯ ಗಾಳದ ಬೇಟೆ. ಬರೆದವರು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಆಗ ನಮ್ಮ ಕೊಲ್ಲೂರು, ಕುಂದಾಪುರ ಎಲ್ಲವೂ ಅದೇ ಜಿಲ್ಲೆಯೊಳಗೆ, ಮದ್ರಾಸ್ ಪ್ರೆಸಿಡೆನ್ಸಿಯಡಿ ಇದ್ದವು.

ಗರಿ, ನೂಲು ಸುತ್ತಿ ನೊಣದಂತೆ ಮಾಡಿದ ಗಾಳ ಬೀಸುವುದು ಬ್ರಿಟಿಷರಿಗೆ ದೊಡ್ಡ ಹುಚ್ಚು. ಅವರ ಊರಿನ ಹೊಳೆಗಳಲ್ಲಿ ಕೊರೆಯುವ ನೀರು. ಅದರಲ್ಲಿ ಗಂಟೆಗಟ್ಟಲೆ ನಿಲ್ಲಬೇಕಲ್ಲ, ಹಾಗಾಗಿ ಸ್ಕಾಟ್ಲೆಂಡಿನವರು ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆ ತೊಡುತ್ತಿದ್ದರು. ರಬ್ಬರ್ ಬಳಿದ ಬಟ್ಟೆಗೆ 1823ರಲ್ಲಿ ಮೆಕಿಂಟಾಷ್ ಪೇಟೆಂಟ್ ಪಡೆದ ಮೇಲೆ ನೀರು ಹೊಗದ ಉಡುಪೂ ಬಂತು.

ನಮ್ಮಲ್ಲಿ ಹಿಮ ಇಲ್ಲ. ಜುಲೈನಲ್ಲೂ 20 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಆದರೂ ಕೊಡಚಾದ್ರಿಯಿಂದ ಇಳಿಯುವ ಸೌಪರ್ಣಿಕೆ ಕೆಂಪಾಗಿ ತುಂಬಿ ಹರಿಯುವಾಗ ಹೊಳೆಗಿಳಿದು ನೋಡಿ, ಅರ್ಧ ಗಂಟೆಯಲ್ಲಿ ಹಲ್ಲು ಕಟಕಟ ಅನ್ನುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮೈಗೆ ಅಂಟಿದ ಹತ್ತಿ ಬಟ್ಟೆ ಒದ್ದೆಯಾಗಿದ್ದರೆ ಹೊಳೆಯಿಂದ ಮೇಲೆ ಬಂದರೂ ಚಳಿ ಬಿಡುವುದಿಲ್ಲ.

ಅದಕ್ಕೇ ಮಳೆಗಾಲದಲ್ಲಿ ಕೂಳಿ ಇಡಲು, ಗಾಳ ಹಾಕಲು ಹೋಗುವವರು ಕಾಲಿಗೆ ಏನೂ ಹಾಕುತ್ತಿರಲಿಲ್ಲ. ಸೊಂಟಕ್ಕೊಂದು ತುಂಡು ಪಂಚೆ, ತಲೆಯಿಂದ ಬೆನ್ನಿಗೆ ಕಂಬಳಿ ಕೊಪ್ಪೆ, ಅಷ್ಟೆ. ಕಾಲು ನೆನೆದರೆ ಒರೆಸಿಕೊಳ್ಳಬಹುದು. ಎದೆ, ಬೆನ್ನು ಬೆಚ್ಚಗಿರಬೇಕು. ನೆಟ್ಟಿಗೆ ಬಾಗುವವರಿಗೆ ಬಿದಿರಿನ ಸಳಿಗೆ ಎಲೆ ಹೊದೆಸಿದ ಗೊರಬು ಸರಿ. ಆದರೆ ಗಾಳಿಗೆ ಹಾರುವ ಅದನ್ನು ಹೊಳೆಯಲ್ಲಿ ಸಂಭಾಳಿಸುವುದು ಕಷ್ಟ.

ಕಂಬಳಿ ಮಾತ್ರ ನಮ್ಮ ಊರಿನದಲ್ಲ. ಕರಾವಳಿಯ ತೇವಕ್ಕೆ ದಖ್ಖನಿ ಕುರಿ ಬಾಳದು. ಅದು ಘಟ್ಟದ ಮೇಲಿನ ಒಣ ಸೀಮೆಯ ಕುರುಬರ ನೇಯ್ಗೆ, ಚಳ್ಳಕೆರೆ ಕಡೆಯದಕ್ಕೆ ಒಳ್ಳೆ ಹೆಸರು. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದು ಅದರಿಂದಲೇ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡ ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಎಳೆಗಳ ಸುರುಳಿಯಲ್ಲಿ ಗಾಳಿ ಉಳಿದಿರುತ್ತದೆ, ಶಾಖ ಹಿಡಿಯುವುದು ಆ ಗಾಳಿ. ಕಲೆಕ್ಟರ ಊರಿನ ಟ್ವೀಡಿಗೂ ಇದೇ ಗುಣ. ಬೆಲೆ, ಮರ್ಯಾದೆ ಮಾತ್ರ ಬೇರೆ!

ಮನೆಗೆ ಬಂದ ಮೇಲೆ ಬಚ್ಚಲ ಒಲೆಯ ಎದುರು ಕೂರುವುದು, ಬಿಸಿ ಕುಚ್ಚಲಕ್ಕಿ ಗಂಜಿ. ಕೆಲವರಿಗೆ ಒಂದು ಗುಟುಕು ಸಾರಾಯಿಯೂ ಬೇಕಿತ್ತು. ಅದು ನಂಬಬಾರದ ಬೆಚ್ಚಗೆ. ಚರ್ಮದ ರಕ್ತನಾಳ ಹಿಗ್ಗಿ ಮೈ ಬಿಸಿಯಾದಂತೆ ಕಾಣುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಕುಡಿದು ತುಂಬಿದ ಹೊಳೆಗೆ ಇಳಿಯುವುದರ ಬಗ್ಗೆ ಬೇರೆ ಹೇಳಬೇಕಿಲ್ಲ.

ಥಾಮಸ್ ಮೀನು ಹಿಡಿದವರಷ್ಟೇ ಅಲ್ಲ, ಮೀನು ಉಳಿಯಬೇಕೆಂದವರೂ ಹೌದು. ದಕ್ಷಿಣ ಕನ್ನಡದ ಮೀನು ಸಾಕಣೆ ಕುರಿತ ಅವರ ವರದಿ 1870ರದು. ಹೊಳೆಗೆ ಸಿಡಿಮದ್ದು, ವಿಷ ಹಾಕುವುದನ್ನು ತಡೆಯುವ ಕಾನೂನು ಬಂದದ್ದು 1897ರಲ್ಲಿ. ಕೊಲ್ಲೂರು ಸುತ್ತಿನ ಕಾಡು 1974ರಿಂದ ಮೂಕಾಂಬಿಕಾ ವನ್ಯಜೀವಿ ಧಾಮ. ಅದರೊಳಗೆ ಗಾಳ ಹಿಡಿದು ಹೋಗುವಂತಿಲ್ಲ. ಮೊದಲ ಮಳೆಗೆ ಹತ್ತುವ ಮೀನು ಮೊಟ್ಟೆ ಇಡಲು ಹೊರಟದ್ದು ಎಂಬುದೂ ನೆನಪಿರಲಿ.

ಕೆಳಗಿನ ಊರುಗಳಲ್ಲಿ ಈಗಲೂ ಮಳೆಗಾಲದಲ್ಲಿ ಗಾಳ ಹಿಡಿದವರು ಕಾಣುತ್ತಾರೆ. ಮೈಮೇಲೆ ಪ್ಲಾಸ್ಟಿಕ್. ಮಳೆ ತಾಗುವುದಿಲ್ಲ, ಆದರೆ ಒಳಗಿನ ಬೆವರಿಗೆ ದಾರಿಯಿಲ್ಲ, ಅದೇ ತಣ್ಣಗಾಗಿ ಬೆನ್ನಿಗೆ ಅಂಟುತ್ತದೆ. ದಖ್ಖನಿ ಉಣ್ಣೆಗೋ, ಕೇಳುವವರು ಕಡಿಮೆಯಾಗಿದ್ದಾರೆ. ಕೆಲವರು ಖಾಲಿ ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ ತಲೆಗೆ ಹಾಕಿಕೊಳ್ಳುತ್ತಾರೆ. ಆ ಮಡಿಕೆ ಮಾತ್ರ ಕಂಬಳಿ ಕೊಪ್ಪೆಯದೇ.