ಜೋಲಿಗೊಂದು ಪರದೆ

ಕಳೆದ ಕಾರ್ತಿಕದಲ್ಲಿ ಮಗಳು ಫೋನು ಮಾಡಿದಳು. ಗೆಳತಿಯರ ಜೊತೆ ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಎರಡು ರಾತ್ರಿ ಕಳೆಯುವ ಏರ್ಪಾಟು. ಡೇರೆಯೂ ಇಲ್ಲವಂತೆ. ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಿ ಅದರಲ್ಲೇ ಮಲಗುವುದಂತೆ. "ಹ್ಯಾಮಕ್ ಸಿಕ್ಕಿತು ಅಮ್ಮ. ಅದರ ಸೊಳ್ಳೆ ಪರದೆ ಮೂರು ಥರ ಇದೆ. ಯಾವುದು ತಗೊಳ್ಳಲಿ, ನೀನೇ ಹೇಳು" ಎಂದು ಚಿತ್ರಗಳನ್ನು ಕಳಿಸಿದಳು. ಹೊಲಿಗೆ ಬಲ್ಲ ತಾಯಿಗೆ ಬಟ್ಟೆಯ ವಿಷಯವೆಲ್ಲ ಗೊತ್ತಿರುತ್ತದೆಂದು ಅವಳ ನಂಬಿಕೆ.

ಚಿತ್ರ ನೋಡಿದೆ. ಹ್ಯಾಮಕ್ ಎಂದರೆ ನಮ್ಮ ಕೂಸಿನ ಜೋಲಿಯೇ, ದೊಡ್ಡವರ ಅಳತೆಗೆ ಹೊಲಿದದ್ದು ಅಷ್ಟೆ. ಪರದೆಗಳಲ್ಲಿ ಮೊದಲನೆಯದು ತಲೆಯಿಂದ ಸೊಂಟದವರೆಗೆ ಮೇಲಿನಿಂದ ಇಳಿಬೀಳುವ ಅರ್ಧ ಪರದೆ. ಎರಡನೆಯದು ಹ್ಯಾಮಕ್ಕಿನ ಅಂಚಿಗೇ ಹೊಲಿದು ಜಿಪ್ ಇಟ್ಟದ್ದು. ಮೂರನೆಯದು ದಿಂಬಿನ ಗವಸಿನ ಹಾಗೆ ಇಡೀ ಹ್ಯಾಮಕ್ಕನ್ನು ಮೇಲೂ ಕೆಳಗೂ ಸುತ್ತಿಕೊಳ್ಳುವ ಚೀಲ. ಅರ್ಧ ಪರದೆಗೆ ದುಡ್ಡೂ ಕಡಿಮೆ, ಭಾರವೂ ಕಡಿಮೆ. ಅದೇ ಸಾಕು ಎಂದು ಬರೆಯಹೊರಟ ಕೈ ಅಲ್ಲೇ ನಿಂತಿತು. 1975ರ ನಮ್ಮ ಮನೆಯ ಜೋಲಿ ಕಣ್ಣಮುಂದೆ ಬಂತು.

ಭದ್ರಾ ನಾಲೆಯ ಬಯಲಿನ ಹಳ್ಳಿ ನಮ್ಮದು. ನಾಲೆಯಿಂದ ಗದ್ದೆಗೆ ನೀರು ಬಂತು, ಮನೆಗೆ ಅನ್ನ ಬಂತು, ಅದರ ಹಿಂದೆಯೇ ಸೊಳ್ಳೆಯೂ ಬಂತು. ನನಗಾಗ ಹನ್ನೊಂದು ವರ್ಷ, ತಮ್ಮನಿಗೆ ಐದು ತಿಂಗಳು. ಪಡಸಾಲೆಯ ತೊಲೆಗೆ ಅಮ್ಮನ ಹಳೆಯ ವಾಯಿಲ್ ಸೀರೆಯ ಜೋಲಿ. ದೀಪ ಹಚ್ಚುವ ಮೊದಲೇ ಅಮ್ಮ ಅದರ ಮೇಲೆ ಪರದೆ ಇಳಿಬಿಟ್ಟು, ಜೋಲಿಯ ಅಂಚಿಗೆ ಸಾಲಾಗಿ ಪಿನ್ನು ಹಾಕುತ್ತಿದ್ದಳು. ರಾತ್ರಿ ಎರಡು ಮೂರು ಸಲ ಎದ್ದು ತಡವಿ ನೋಡುತ್ತಿದ್ದಳು.

ಆದರೂ ಕೂಸಿಗೆ ಚಳಿಜ್ವರ ಬಂತು. ಆರೋಗ್ಯ ಇಲಾಖೆಯವರು ಹಿಮ್ಮಡಿ ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿಕೊಂಡು ಹೋದರು. ಮಲೇರಿಯಾ ಎಂದು ಗೊತ್ತಾಯಿತು. ಕಹಿ ಮಾತ್ರೆ ಅರೆದು ಸಕ್ಕರೆ ನೀರಿನಲ್ಲಿ ಕುಡಿಸಿದರು. ತಮ್ಮ ಬದುಕಿಕೊಂಡ. ಆದರೆ ಅಜ್ಜಿ ಆಡಿದ ಒಂದು ಮಾತು ಮನೆಯಲ್ಲಿ ಉಳಿದುಬಿಟ್ಟಿತು: "ನೀನು ಪರದೆ ನೆಟ್ಟಗೆ ಮುಚ್ಚಿರ್ಲಿಲ್ಲ." ಅಮ್ಮ ತಿರುಗಿ ಉತ್ತರ ಕೊಡಲಿಲ್ಲ. ತಾನೂ ಹಾಗೆಯೇ ನಂಬಿದಳು.

ಆಗ ದೇಶದಲ್ಲೆಲ್ಲ ಅದೇ ಪಾಡಾಗಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಡಿಡಿಟಿ ಸಿಂಪಡಿಸಿದ ಫಲವಾಗಿ 1965ರಲ್ಲಿ ಮಲೇರಿಯಾ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದವು. ಇನ್ನು ಪೀಡೆ ತೊಲಗಿತು ಎಂದುಕೊಂಡಿದ್ದರು. 1976ರ ಹೊತ್ತಿಗೆ ಅದು 64 ಲಕ್ಷವಾಯಿತು. ಅಷ್ಟು ದೊಡ್ಡ ಸೋಲಿನಲ್ಲಿ ನಮ್ಮ ಮನೆಯ ಪಾಲನ್ನು ಅಮ್ಮ ಒಬ್ಬಳೇ ಹೊತ್ತುಕೊಂಡಿದ್ದಳು.

ಮಗಳ ಪ್ರಶ್ನೆಯ ನೆಪದಲ್ಲಿ ಪರದೆಯ ಕಥೆ ಹುಡುಕುತ್ತ ಕೂತೆ. ಬಹಳ ಹಳೆಯ ಕಥೆ ಅದು. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಜೌಗು ನೆಲದವರ ಬಗ್ಗೆ ಬರೆದಿದ್ದಾನೆ. ಹಗಲು ಮೀನು ಹಿಡಿದ ಬಲೆಯನ್ನೇ ರಾತ್ರಿ ಅವರು ಹಾಸಿಗೆಯ ಸುತ್ತ ಕಟ್ಟಿ, ಅದರೊಳಗೆ ನುಸುಳಿ ಮಲಗುತ್ತಿದ್ದರಂತೆ. ಬಟ್ಟೆ ಸುತ್ತಿಕೊಂಡು ಮಲಗಿದರೆ ಸೊಳ್ಳೆ ಬಟ್ಟೆಯ ಮೂಲಕವೇ ಕಚ್ಚುತ್ತದೆ, ಬಲೆಯನ್ನಾದರೆ ಮುಟ್ಟಲೂ ಹೋಗದು ಎಂದೂ ಅವನು ಸೇರಿಸಿದ್ದಾನೆ.

ಹ್ಯಾಮಕ್ಕಿನ ಊರು ಬೇರೆ. 1492ರಲ್ಲಿ ಕೊಲಂಬಸ್ ಬಹಾಮಾ ದ್ವೀಪಗಳಿಗೆ ಹೋದಾಗ, ಅಲ್ಲಿನ ಜನ ಹತ್ತಿಯ ಬಲೆಯಂಥ ಜೋಲಿಗಳಲ್ಲಿ ಮಲಗುವುದನ್ನು ಕಂಡ. ಹೆಸರೂ ಆ ಜನರದೇ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಕಾಡಿನಲ್ಲಿ ಕಾದುವ ಸೈನಿಕರಿಗೆಂದು, ಮೇಲೆ ಮಳೆ ತಡೆಯುವ ಚಾವಣಿ, ಬದಿಗೆ ಪರದೆ, ಒಳಹೋಗಲು ಜಿಪ್ ಸೇರಿಸಿ ಹ್ಯಾಮಕ್ ಹೊಲಿಸಿತು. ಮಗಳು ಕಳಿಸಿದ ಎರಡನೆಯ ಚಿತ್ರ ಅದರ ಮೊಮ್ಮಗಳು.

ಸೊಳ್ಳೆಗೂ ಜ್ವರಕ್ಕೂ ನಂಟು ತಿಳಿದದ್ದು ಇವೆರಡರ ನಡುವೆ. ಮಲೇರಿಯಾ ಎಂಬ ಹೆಸರಿಗೆ ಇಟಲಿಯ ಮಾತಿನಲ್ಲಿ ಕೆಟ್ಟ ಗಾಳಿ ಎಂದು ಅರ್ಥ. ಬಹುಕಾಲ ಎಲ್ಲರೂ ಗಾಳಿಯನ್ನೇ ದೂರುತ್ತಿದ್ದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ತರುಣ ವೈದ್ಯ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಬಳಿಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣು ಪತ್ತೆ ಮಾಡಿದ. 1902ರಲ್ಲಿ ನೊಬೆಲ್ ಬಂತು.

ಇಷ್ಟೆಲ್ಲ ಓದಿದ ಮೇಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆರೊಡೋಟಸನ ಆ ಮಾತೇ. ಮಂಚಕ್ಕೆ ಕೆಳಗೆ ಹಲಗೆ ಇರುತ್ತದೆ, ಮೇಲೆ ಹಾಸಿಗೆ ಇರುತ್ತದೆ. ಪರದೆಯ ಅಂಚನ್ನು ಅದರಡಿ ಸಿಕ್ಕಿಸಿದರೆ ಮುಗಿಯಿತು. ಜೋಲಿಗೆ ಹಲಗೆ ಎಲ್ಲಿದೆ? ಮಲಗಿದವರ ಭಾರಕ್ಕೆ ಬಟ್ಟೆ ಬಿಗಿದು ಬೆನ್ನಿಗೆ ಅಂಟಿಕೊಳ್ಳುತ್ತದೆ. ಸೊಳ್ಳೆ ಕೆಳಗಿನಿಂದ ಬಂದು ಆ ಬಟ್ಟೆಯ ಮೇಲೆ ಕೂತು ಕಚ್ಚುತ್ತದೆ. ನಮ್ಮ ತಮ್ಮನ ಬೆನ್ನ ತುಂಬ ಕೆಂಪು ಗಂಧೆಗಳಿದ್ದವು; ಸೆಖೆಯ ಬೊಕ್ಕೆ ಎಂದು ಅಜ್ಜಿ ಹೇಳಿದ್ದಳು. ಜ್ವರ ತಂದದ್ದು ಯಾವ ಸೊಳ್ಳೆಯೆಂದು ಯಾರೂ ಹೇಳಲಾರರು. ಆದರೆ ಪಿನ್ನು ಒಂದೂ ತಪ್ಪಿರಲಿಲ್ಲ, ಇಷ್ಟು ಮಾತ್ರ ನಾನು ಬಲ್ಲೆ.

ಮಗಳಿಗೆ ಬರೆದೆ: "ಚೀಲದಂಥದ್ದೇ ತಗೋ. ಬೆನ್ನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಜೋಲುವಂತಿರಲಿ. ಮುಖಕ್ಕೆ ತಗುಲದ ಹಾಗೆ ಮೇಲೊಂದು ಹಗ್ಗ ಕಟ್ಟಿ ಅದಕ್ಕೆ ತೂಗುಹಾಕು, ಮೈಗೆ ಪರದೆ ತಾಗಿದರೆ ಅಲ್ಲೂ ಕಚ್ಚುತ್ತೆ. ಎರಡೂ ತುದಿಯ ದಾರ ಬಿಗಿಯಾಗಿ ಎಳೆದು ಕಟ್ಟು. ಕಣ್ಣು ಸಣ್ಣದಿರಲಿ. ಸೊಳ್ಳೆಗೆ ಚದರ ಅಂಗುಲಕ್ಕೆ 156 ತೂತಿನ ಪರದೆ ಆಗುತ್ತೆ, ತೋಟದ ನೊರಜಿಗೆ ಇನ್ನೂ ಸಣ್ಣದು ಬೇಕು. ಅಂಚಿಗೆ ಹೊಲಿದದ್ದೇ ಬೇಕೆಂದರೆ ತಳ ಎರಡು ಪದರದ್ದು ನೋಡು."

ಸಂಜೆ ಅಮ್ಮನ ಹತ್ತಿರ ಕೂತೆ. ಅವಳಿಗೀಗ ಎಂಬತ್ತೆರಡು. "ಅಮ್ಮ, ಅವತ್ತು ನೀನು ಪರದೆ ನೆಟ್ಟಗೇ ಮುಚ್ಚಿದ್ದೆ" ಎಂದು ಎಲ್ಲವನ್ನೂ ವಿವರಿಸಿದೆ. ಕಣ್ಣು ತುಂಬಿಕೊಂಡಾಳು ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಒಳಗೊಂದು ದಪ್ಪ ದುಪ್ಪಟಿ ಮಡಿಚಿ ಹಾಕಿದ್ರೆ ಆಗ್ತಿತ್ತಲ್ಲೇ. ನಂಗ್ಯಾಕೆ ಹೊಳೀಲಿಲ್ಲ?" ಎಂದಳು.

ಪಾರ್ಸೆಲ್ ನಮ್ಮ ಮನೆಗೇ ಬಂತು. ಮಗಳು ಅದನ್ನು ಪಡಸಾಲೆಯ ಕಂಬಗಳ ನಡುವೆ ಕಟ್ಟಿ ಒಳಗೆ ಮಲಗಿ ನೋಡಿದಳು. ಅಮ್ಮ ಕೋಲೂರಿಕೊಂಡು ಬಂದು, ಬಗ್ಗಿ, ಮೇಲೆ ನೋಡದೆ ಕೆಳಗೇ ಕೈಯಾಡಿಸಿದಳು. ಪರದೆಗೂ ಮೊಮ್ಮಗಳ ಬೆನ್ನಿಗೂ ನಡುವೆ ಅಂಗೈ ಅಡ್ಡ ಹಿಡಿದು ಅಳೆದು, "ಹ್ಞೂಂ, ಇದು ಆದೀತು" ಎಂದಳು.