ಕಪ್ಪು ಮನೆ, ಬಿಳಿ ಮನೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ನಾನೊಂದು ಅಂಕಿಯ ಒಗಟನ್ನು ಕಟ್ಟಿಕೊಟ್ಟೆ. ಕಟ್ಟಿಕೊಟ್ಟೆ ಎಂಬ ಮಾತನ್ನು ಬೇಕೆಂದೇ ಬರೆಯುತ್ತಿದ್ದೇನೆ. ರಾತ್ರಿ ಪಾತ್ರೆ ತೊಳೆದಿಟ್ಟು, ಬೆಳಗಿನ ದೋಸೆಗೆ ರುಬ್ಬಿಟ್ಟು, ಇವರು ಮಲಗಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಚೌಕದ ಗೆರೆಯ ನೋಟ್‌ಪುಸ್ತಕ ಬಿಡಿಸಿಕೊಂಡು, ಹನ್ನೊಂದು ರಾತ್ರಿ ಬರೆದು ಅಳಿಸಿ, ಅಳಿಸಿ ಬರೆದು ಮಾಡಿದ್ದು ಅದು. ಆರು ಅಡ್ಡಸಾಲು, ಆರು ಕಂಬಸಾಲು, ಮೂವತ್ತಾರು ಮನೆ.

ಸಂಚಿಕೆ ಅಚ್ಚಾಗಿ ಬಂತು. ಒಗಟಿನ ಕೆಳಗೆ ನನ್ನ ಹೆಸರೇನೋ ಇತ್ತು. ಆದರೆ ಹೆಸರಿನ ಹಿಂದೆ ‘ಸಂಗ್ರಹ’ ಎಂದು ಸೇರಿಸಿದ್ದರು. ಸಂಚಿಕೆಯ ಹೊಣೆ ಹೊತ್ತಿದ್ದ ಸಹೋದ್ಯೋಗಿಯನ್ನು ಕೇಳಿದೆ. “ಇಂಥದ್ದನ್ನೆಲ್ಲ ಯಾರಾದರೂ ಕೂತು ಮಾಡ್ತಾರೇನ್ರೀ ಮೇಡಂ? ಎಲ್ಲಿಂದಲೋ ತಗೊಂಡು ಹಾಕೋದಲ್ವೇ?” ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ಪದ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಉಳಿದುಬಿಟ್ಟಿತು.

ಒಗಟಿನ ಹೆಸರು ಹಿತೋರಿ. ಸುಡೊಕುವಿನ ದಾಯಾದಿ ಎನ್ನಬಹುದು. ಸುಡೊಕುವಿನಲ್ಲಿ ಖಾಲಿ ಮನೆಗಳನ್ನು ತುಂಬಬೇಕು. ಇಲ್ಲಿ ಎಲ್ಲ ಮನೆಗಳೂ ಮೊದಲೇ ತುಂಬಿರುತ್ತವೆ, ಬೇಡದ್ದನ್ನು ಪೆನ್ಸಿಲಿನಿಂದ ಕಪ್ಪು ಮಾಡುತ್ತ ಹೋಗಬೇಕು. ಉಳಿದ ಬಿಳಿ ಮನೆಗಳಲ್ಲಿ ಯಾವ ಸಾಲಿನಲ್ಲೂ ಒಂದೇ ಅಂಕಿ ಎರಡು ಸಲ ಬರಕೂಡದು. ಎರಡು ಕಪ್ಪು ಮನೆಗಳು ಗೋಡೆಗೆ ಗೋಡೆ ತಾಗಿರಕೂಡದು. ಮೂಲೆಗೆ ಮೂಲೆ ತಾಗಿದರೆ ಅಡ್ಡಿಯಿಲ್ಲ. ಇನ್ನು ಬಿಳಿ ಮನೆಗಳೆಲ್ಲ ಒಂದಕ್ಕೊಂದು ಹಾದಿ ಉಳಿಸಿಕೊಂಡಿರಬೇಕು, ಒಂದೂ ಕಪ್ಪಿನ ನಡುವೆ ಸಿಕ್ಕಿ ಬೇರೆಯಾಗಬಾರದು.

ಕೇಳುವುದಕ್ಕೆ ಕಷ್ಟ, ಕೈಗೆ ಬಂದರೆ ಬಿಡದು. ಒಂದೇ ಸಾಲಿನಲ್ಲಿ 4, 7, 4 ಎಂದು ಒತ್ತಿಗೆ ಇದ್ದರೆ ನಡುವಿನ 7ನ್ನು ಕಣ್ಣುಮುಚ್ಚಿ ಬಿಳಿ ಎನ್ನಬಹುದು. ಏಕೆಂದರೆ ಎರಡು 4ರಲ್ಲಿ ಒಂದಾದರೂ ಕಪ್ಪಾಗಲೇಬೇಕು. ಕಪ್ಪಿನ ನೆರೆಮನೆ ಕಪ್ಪಾಗುವಂತಿಲ್ಲ. 3, 3, 3 ಎಂದು ಸಾಲಾಗಿ ನಿಂತಿದ್ದರೆ ಆಚೀಚೆಯವೆರಡೂ ಹೋಗಿ ನಡುವಿನದು ಉಳಿಯುತ್ತದೆ. ಮೂವರು ಅಕ್ಕತಂಗಿಯರಲ್ಲಿ ನಡುವಿನವಳಾಗಿ ಬೆಳೆದ ನನಗೆ ಈ ನಿಯಮ ಬಹಳ ಹಿಡಿಸಿತು ಅನ್ನಿ.

‘ಸಂಗ್ರಹ’ದ ಚುಚ್ಚು ಹೋಗಲಿಲ್ಲವಲ್ಲ, ಹಾಗಾದರೆ ಇವುಗಳನ್ನು ಮೊದಲು ಕೂತು ಮಾಡಿದವರು ಯಾರು ಎಂದು ಹುಡುಕತೊಡಗಿದೆ. ಹುಡುಕುವಾಗ ನನ್ನದೇ ತಪ್ಪೊಂದು ಕಾಲಿಗೆ ತೊಡರಿತು. ಸುಡೊಕು ಜಪಾನಿನ ಪುರಾತನ ಆಟವೆಂದು ನಾನು ಎಷ್ಟೋ ತಂಡದ ಮಕ್ಕಳಿಗೆ ಧೈರ್ಯವಾಗಿ ಹೇಳಿದ್ದೆ. ಹೆಸರು ಜಪಾನಿನದು, ಹುಟ್ಟು ಅಮೆರಿಕದ್ದು. ಪುರಾತನವಂತೂ ಅಲ್ಲ, ನನಗಿಂತ ಚಿಕ್ಕದು.

1979ರ ಮೇ ತಿಂಗಳಲ್ಲಿ ಡೆಲ್ ಎಂಬ ಅಮೆರಿಕದ ಪ್ರಕಾಶನದ ಒಗಟಿನ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೊಸ ಆಟ ಬಂತು. ಒಂಬತ್ತು ಸಾಲು, ಒಂಬತ್ತು ಕಂಬ, ಒಳಗೆ ಒಂಬತ್ತು ಪೆಟ್ಟಿಗೆ: ಇಂದಿನ ಸುಡೊಕುವೇ. ಒಂದು ಅಂಕಿ ಸಾಲಿಗೊಮ್ಮೆ ಮಾತ್ರ ಬರುವ ಚೌಕಗಳ ಬಗ್ಗೆ ಹದಿನೆಂಟನೆಯ ಶತಮಾನದಲ್ಲೇ ಸ್ವಿಟ್ಜರ್‌ಲ್ಯಾಂಡಿನ ಗಣಿತಜ್ಞ ಆಯ್ಲರ್ ಬರೆದಿದ್ದ. ಒಳಗಿನ ಪೆಟ್ಟಿಗೆ ಸೇರಿಸಿ ಅದನ್ನು ಆಟ ಮಾಡಿದ್ದು ಇಲ್ಲಿ. ಆದರೆ ಮಾಡಿದವರ ಹೆಸರು ಆ ಪುಟದಲ್ಲಿರಲಿಲ್ಲ. ಒಗಟಿನ ಪಕ್ಕದಲ್ಲಿ ಹೆಸರು ಹಾಕುವ ಪದ್ಧತಿಯೇ ಅಲ್ಲಿರಲಿಲ್ಲ. ಪತ್ರಿಕೆಯ ಮೊದಲಲ್ಲಿ ಆ ಸಂಚಿಕೆಗೆ ಬರೆದವರದೆಲ್ಲ ಒಂದು ಪಟ್ಟಿ, ಅಷ್ಟೆ.

ಕಾಲು ಶತಮಾನ ಕಳೆದು, ಸುಡೊಕು ಲೋಕವನ್ನೆಲ್ಲ ಮರುಳು ಮಾಡಿದ ಮೇಲೆ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪದಬಂಧದ ಸಂಪಾದಕ ವಿಲ್ ಶಾರ್ಟ್ಸ್ ಆ ಹಳೆಯ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಕೂತರು. ನಂಬರ್ ಪ್ಲೇಸ್ ಇರುವ ಸಂಚಿಕೆಗಳ ಪಟ್ಟಿಯಲ್ಲೆಲ್ಲ ಹೊವಾರ್ಡ್ ಗಾರ್ನ್ಸ್ ಎಂಬ ಹೆಸರಿತ್ತು. ಆಟವಿಲ್ಲದ ಸಂಚಿಕೆಗಳಲ್ಲಿ ಆ ಹೆಸರಿರಲಿಲ್ಲ. ಕಳ್ಳನನ್ನು ಹಿಡಿಯುವ ಹಾಗೆ ಕರ್ತೃವನ್ನು ಹಿಡಿದದ್ದು ಹೀಗೆ. ಗಾರ್ನ್ಸ್ ಇಂಡಿಯಾನಾ ರಾಜ್ಯದ ನಿವೃತ್ತ ವಾಸ್ತುಶಿಲ್ಪಿ. ಆಟ ಅಚ್ಚಾದಾಗ ವಯಸ್ಸು 74. 1989ರಲ್ಲಿ ತೀರಿಕೊಂಡರು. ತಾನು ಗೆರೆ ಎಳೆದ ಆ ಮನೆಗಳಲ್ಲಿ ಇಡೀ ಲೋಕವೇ ವಾಸಕ್ಕೆ ಬಂದದ್ದು ಆ ಹಿರಿಯರಿಗೆ ತಿಳಿಯಲೇ ಇಲ್ಲ.

ಜಪಾನಿಗೆ ಅದನ್ನು ಒಯ್ದವರು ಮಾಕಿ ಕಾಜಿ. ಓದನ್ನು ಅರ್ಧಕ್ಕೆ ಬಿಟ್ಟು, ಗೆಳೆಯರೊಡನೆ 1980ರಲ್ಲಿ ಒಗಟಿಗೆಂದೇ ಪತ್ರಿಕೆ ಶುರುಮಾಡಿ, ಅದಕ್ಕೆ ‘ನಿಕೋಲಿ’ ಎಂದು ಒಂದು ರೇಸ್ ಕುದುರೆಯ ಹೆಸರಿಟ್ಟ ಮನುಷ್ಯ! 1984ರಲ್ಲಿ ಗಾರ್ನ್ಸರ ಆಟವನ್ನು ಅಚ್ಚುಹಾಕಿ ಉದ್ದನೆಯ ಹೆಸರು ಕೊಟ್ಟರು. ‘ಅಂಕಿಗಳು ಅವಿವಾಹಿತರಾಗಿಯೇ ಇರತಕ್ಕದ್ದು’ ಎಂದು ಅದರ ಅರ್ಥ. ಅದನ್ನೇ ಮೊಟಕು ಮಾಡಿದಾಗ ಸುಡೊಕು ಆಯಿತು. ಆ ಹೆಸರಿನ ಹಕ್ಕನ್ನು ಜಪಾನಿನಲ್ಲಿ ಮಾತ್ರ ನೋಂದಾಯಿಸಿದ್ದರಿಂದ ಹೊರದೇಶಗಳಿಂದ ಅವರಿಗೆ ರಾಯಧನ ಬರಲಿಲ್ಲ. 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಜಗತ್ತು ಅವರನ್ನು ಸುಡೊಕುವಿನ ಪಿತಾಮಹನೆಂದೇ ಕರೆಯುತ್ತಿತ್ತು. ಸಾಕು ತಂದೆ ಎಂದಿದ್ದರೆ ಸರಿಹೋಗುತ್ತಿತ್ತು.

ನಿಕೋಲಿಯ ಒಂದು ಗುಣ ನನಗೆ ಮೆಚ್ಚಿಕೆ. ಒಗಟುಗಳನ್ನು ಕಟ್ಟುವುದು ಯಂತ್ರವಲ್ಲ, ಮನುಷ್ಯರೇ. ಎಷ್ಟೋ ಹೊಸ ಆಟಗಳು ಓದುಗರಿಂದಲೇ ಬಂದವು. ಹಿತೋರಿ ಅಲ್ಲಿ ಮೊದಲು ಅಚ್ಚಾದದ್ದು 1990ರ ಮಾರ್ಚಿನಲ್ಲಿ. ಪೂರ್ತಿ ಹೆಸರಿನ ಅರ್ಥ ‘ನನ್ನನ್ನು ಒಂಟಿಯಾಗಿರಲು ಬಿಡಿ’ ಎಂದು. ಇದನ್ನು ಓದಿದ ದಿನ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಕುಕ್ಕರಿನ ಮೂರನೆಯ ಕೂಗಿಗೂ ನಾಲ್ಕನೆಯ ಕೂಗಿಗೂ ನಡುವೆ ಎರಡು ಮನೆ ಕಪ್ಪು ಮಾಡುವ ಯಾವ ಹೆಂಗಸಿಗೂ ಈ ಹೆಸರಿಗೆ ಟಿಪ್ಪಣಿ ಬೇಡ. ಮರುವರ್ಷ ಬಂದ ನುರಿಕಬೆಯೂ ಕಪ್ಪು ಮಾಡುವ ಆಟವೇ. ರಾತ್ರಿ ದಾರಿಹೋಕರ ಮುಂದೆ ಗೋಡೆಯಾಗಿ ನಿಲ್ಲುವ ಜಪಾನಿನ ಒಂದು ಭೂತದ ಹೆಸರು ಅದಕ್ಕೆ. ಕಟ್ಟಿದವರು ‘ರೇನಿನ್’ ಎಂಬ ಕಾವ್ಯನಾಮದಲ್ಲಿ ಬಂದರು. ಲೆನಿನ್ ಎಂಬುದನ್ನು ಜಪಾನೀಯರು ಉಚ್ಚರಿಸುವುದೇ ಹಾಗಂತೆ.

ಹೆಸರು ಉಳಿದದ್ದು ಒಬ್ಬ ಹೆಂಗಸಿನದು. 1987ರಲ್ಲಿ ಟೋಕಿಯೊದಲ್ಲೊಂದು ಸ್ಪರ್ಧೆ: ಎತ್ತರದ ಕಟ್ಟಡದ ಕಿಟಕಿಗಳಲ್ಲಿ ಕೆಲವು ದೀಪ ಹಚ್ಚಿ, ಕೆಲವು ಆರಿಸಿ ಚಿತ್ರ ಮೂಡಿಸಬೇಕು. ಗೆದ್ದವರು ನೋನ್ ಇಶಿದಾ ಎಂಬ ಚಿತ್ರಕಲಾವಿದೆ. ಹೊತ್ತಿದ ಕಿಟಕಿ, ಆರಿದ ಕಿಟಕಿಗಳನ್ನೇ ಆಕೆ ಕಾಗದಕ್ಕೆ ಇಳಿಸಿದರು. ಪ್ರತಿ ಸಾಲಿನ ಪಕ್ಕದಲ್ಲಿ ಎಷ್ಟೆಷ್ಟು ಮನೆ ಒಟ್ಟಾಗಿ ಕಪ್ಪು ಎಂದು ಅಂಕಿ. ತರ್ಕ ಹಿಡಿದು ತುಂಬುತ್ತ ಹೋದರೆ ಕೊನೆಗೊಂದು ಬೆಕ್ಕೋ ದೋಣಿಯೋ ಎದ್ದು ಬರುತ್ತದೆ. ಅದೇ ಕಾಲಕ್ಕೆ ಜಪಾನಿನಲ್ಲೇ ತೆತ್ಸುಯಾ ನಿಶಿಯೊ ಎಂಬವರೂ ತಮ್ಮಷ್ಟಕ್ಕೆ ಇಂಥ ಆಟ ಕಟ್ಟಿದ್ದರು. ಆದರೆ 1990ರಲ್ಲಿ ಇಂಗ್ಲೆಂಡಿನ ಸಂಡೆ ಟೆಲಿಗ್ರಾಫ್ ಪತ್ರಿಕೆ ವಾರಕ್ಕೊಂದರಂತೆ ಇವನ್ನು ಹಾಕತೊಡಗಿದಾಗ, ಒಗಟುಗಳ ಸಂಗ್ರಾಹಕ ಜೇಮ್ಸ್ ಡಾಲ್ಗೆಟಿ ಇಟ್ಟ ಹೆಸರು ‘ನೊನೊಗ್ರಾಮ್’. ನೋನ್ ಎಂಬಾಕೆಯ ಹೆಸರೇ ಆಟದ ಹೆಸರು! ಚುಕ್ಕಿ ಇಟ್ಟು ರಂಗೋಲಿ ಬಿಡಿಸುವ ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ಸಂಗತಿ. ನನ್ನ ಅಮ್ಮನ ಹದಿನೈದು ಚುಕ್ಕಿಯ ನವಿಲು ನಮ್ಮ ಬೀದಿಯ ಎಷ್ಟು ಅಂಗಳಗಳಲ್ಲಿ ಕುಣಿದಿದೆಯೋ! ಅದನ್ನು ಯಾರೂ ಅಮ್ಮನ ಹೆಸರಿನಿಂದ ಕರೆಯಲಿಲ್ಲ.

ಮುಂದಿನದು ನಿಮಗೆ ಗೊತ್ತಿರುವುದೇ. ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೌಲ್ಡ್ 1997ರಲ್ಲಿ ಟೋಕಿಯೊದ ಪುಸ್ತಕದಂಗಡಿಯಲ್ಲಿ ಸುಡೊಕು ಕಂಡು, ಅದನ್ನು ಕಟ್ಟುವ ಕಂಪ್ಯೂಟರ್ ಪ್ರೋಗ್ರಾಂ ಬರೆದರು. 2004ರ ನವೆಂಬರ್ 12ರಂದು ಲಂಡನ್ನಿನ ಟೈಮ್ಸ್ ಅದನ್ನು ಅಚ್ಚುಹಾಕಿತು. ಆಮೇಲೆ ನಮ್ಮ ಪತ್ರಿಕೆಗಳಲ್ಲೂ ಬಂತು, ಬೆಳಗಿನ ಕಾಫಿ ಆರತೊಡಗಿತು. 2006ರಲ್ಲಿ ಇಟಲಿಯ ಲುಕ್ಕಾ ಪಟ್ಟಣದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. ಗೆದ್ದವಳು ಯಾನಾ ಟಿಲೋವಾ, ಚೆಕ್ ದೇಶದ 31 ವರ್ಷದ ಲೆಕ್ಕಪತ್ರದ ಉದ್ಯೋಗಿ. ‘ಹುಡುಗಿಯರಿಗೆ ಲೆಕ್ಕ ಹತ್ತೋದಿಲ್ಲ’ ಎನ್ನುವ ಪೋಷಕರು ಬಂದಾಗಲೆಲ್ಲ ನಾನು ಈ ಹೆಸರನ್ನು ಅಸ್ತ್ರದಂತೆ ತೆಗೆಯುತ್ತೇನೆ. 2017ರಲ್ಲಿ ಅದೇ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲೇ ನಡೆಯಿತು. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಇನ್ನು ನನ್ನ ಒಗಟಿನ ಕಥೆ. ಸಂಚಿಕೆ ಬಂದ ಎರಡನೆಯ ವಾರ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. “ಮಿಸ್, ಇದಕ್ಕೆ ಎರಡು ಉತ್ತರ ಬರುತ್ತೆ.”

ಒಗಟು ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನಿಜವಾದ ಒಗಟಿಗೆ ಉತ್ತರ ಒಂದೇ ಇರಬೇಕು. ನೋಡಿದೆ. ಕೊನೆಯ ಅಡ್ಡಸಾಲಿನಲ್ಲಿ ಎರಡು 5; ಯಾವುದನ್ನು ಕಪ್ಪು ಮಾಡಿದರೂ ಮಿಕ್ಕ ನಿಯಮಗಳೆಲ್ಲ ಸರಿಯಾಗಿಯೇ ಕೂರುತ್ತಿದ್ದವು. ಹನ್ನೊಂದು ರಾತ್ರಿಯಲ್ಲಿ ನನ್ನ ಕಣ್ಣಿಗೆ ಬೀಳದೆ ಹೋದದ್ದು!

“ಪುಸ್ತಕದಲ್ಲೇ ತಪ್ಪಿತ್ತಾ ಮಿಸ್? ‘ಸಂಗ್ರಹ’ ಅಂತ ಇದೆಯಲ್ಲ” ಎಂದಳು. ಪಕ್ಕದ ಮೇಜಿನಲ್ಲಿ ಆ ಸಹೋದ್ಯೋಗಿ ಪತ್ರಿಕೆಯಿಂದ ತಲೆಯೆತ್ತಿದರು. ಎರಡು ವಾರ ನನ್ನನ್ನು ಚುಚ್ಚಿದ ಪದ ಈಗ ಕೊಡೆ ಹಿಡಿದು ನಿಂತಿತ್ತು. ಹೌದು ಎಂದಿದ್ದರೆ ಮಳೆ ಅಲ್ಲಿಗೇ ನಿಲ್ಲುತ್ತಿತ್ತು.

“ಇಲ್ಲ ಕಣೆ, ನಾನೇ ಕಟ್ಟಿದ್ದು. ತಪ್ಪೂ ನಂದೇ” ಎಂದೆ.

ಅವಳ ಕಣ್ಣು ಅರಳಿತು. “ನೀವೇ ಮಾಡಿದ್ರಾ!” ಎಂದವಳೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತುಬಿಟ್ಟಳು, ಸ್ಟಾಫ್ ರೂಮು ಎಂಬುದನ್ನೂ ಮರೆತು. ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಉಪಾಯ ಹೊಳೆದದ್ದೂ ಅವಳಿಗೇ. ಕೊನೆಯ ಸಾಲಿನ ಮೊದಲ 5ರ ಕಂಬಸಾಲಿನಲ್ಲಿ, ಮೇಲ್ಗಡೆ, ಬಿಳಿಯಾಗಿಯೇ ಉಳಿಯುವ ಒಂದು 2 ಇತ್ತು. ಅದನ್ನು 5 ಮಾಡಿಬಿಟ್ಟರೆ ಕೆಳಗಿನ 5 ಕಪ್ಪಾಗಲೇಬೇಕು, ಬೇರೆ ದಾರಿಯಿಲ್ಲ. ನಾನು 2ನ್ನು ಅಳಿಸಿದೆ, ಅವಳು 5 ಬರೆದಳು. ಆಮೇಲೆ ನೋಟ್‌ಪುಸ್ತಕದ ಆ ಪುಟದ ಕೆಳಗೆ, ನನ್ನ ಹೆಸರಿನ ಪಕ್ಕದಲ್ಲಿ, ಅವಳ ಹೆಸರನ್ನು ಇನಿಷಿಯಲ್ ಸಮೇತ ಅವಳ ಕೈಯಲ್ಲೇ ಬರೆಸಿದೆ.