ಅಪ್ಪ ಹಾಕಿದ ಷರತ್ತು

ಮುಂಬಯಿಯ ಹೋಮಿ ಭಾಭಾ 1927ರಲ್ಲಿ ಕೇಂಬ್ರಿಡ್ಜ್‌ಗೆ ಹೊರಟಾಗ ಮುಂದಿನ ದಾರಿ ಮನೆಯಲ್ಲಿ ಆಗಲೇ ನಿಶ್ಚಯವಾಗಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕು, ಮರಳಿ ಬಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಬೇಕು. ತಂದೆ ವಕೀಲರು; ಸೋದರತ್ತೆಯ ಗಂಡ ದೊರಾಬ್ಜಿ ಟಾಟಾ. ಬಡಿಸಿಟ್ಟ ಎಲೆಯ ಮುಂದಿನಿಂದ ಎದ್ದು ಹೋಗಲು ಯಾರಿಗೆ ಮನಸ್ಸಾದೀತು?

ಭಾಭಾಗೆ ಆಯಿತು. ವ್ಯಾಪಾರವಾಗಲಿ ಎಂಜಿನಿಯರ್ ಕೆಲಸವಾಗಲಿ ತನ್ನ ಸ್ವಭಾವಕ್ಕೆ ಒಗ್ಗದು, ಭೌತಶಾಸ್ತ್ರವೇ ತನ್ನ ದಾರಿ ಎಂದು ಮರುವರ್ಷ ತಂದೆಗೆ ಬರೆದರು. ತಂದೆ ಒಂದು ಷರತ್ತು ಹಾಕಿದರು: ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಬಂದರೆ, ಅಲ್ಲೇ ಉಳಿದು ಗಣಿತ ಓದಲು ಖರ್ಚು ಕೊಡುತ್ತೇನೆ. 1930ರಲ್ಲಿ ಆ ಪ್ರಥಮ ದರ್ಜೆ ಬಂತು. 1932ರಲ್ಲಿ ಗಣಿತದಲ್ಲೂ ಬಂತು.

‘ಮೊದಲು ಎಂಜಿನಿಯರಿಂಗ್ ಮುಗಿಸು, ಆಮೇಲೆ ಬೇಕಾದ್ದು ಓದು’ ಎಂಬ ಮಾತು ಪಿಯುಸಿ ಫಲಿತಾಂಶದ ದಿನ ನಮ್ಮ ಮನೆಗಳಲ್ಲೂ ಕೇಳುತ್ತದೆ. ಆದರೆ ಆ ‘ಆಮೇಲೆ’ಗೆ ದುಡ್ಡು ತೆಗೆದಿಡುವವರು ಕಡಿಮೆ. ಭಾಭಾರ ತಂದೆ ತೆಗೆದಿಟ್ಟಿದ್ದರು. ಅವರ ಕಥೆ ಹೇಳುವಾಗ ಪ್ರತಿಭೆಯನ್ನಷ್ಟೇ ಹೊಗಳಿ ಇದನ್ನು ಬಿಟ್ಟುಬಿಡುತ್ತೇವೆ.

ಕೇಂಬ್ರಿಡ್ಜ್‌ನಲ್ಲಿ ಭಾಭಾಗೆ ಪಾಠ ಹೇಳಿದ ಪಾಲ್ ಡಿರಾಕ್ ಕೂಡ ಮೊದಲು ಎಂಜಿನಿಯರೇ. 1921ರಲ್ಲಿ ಬ್ರಿಸ್ಟಲ್‌ನಲ್ಲಿ ಎಲೆಕ್ಟ್ರಿಕಲ್ ಪದವಿ ಪಡೆದರು. ಯುದ್ಧಾನಂತರದ ಮುಗ್ಗಟ್ಟಿನಲ್ಲಿ ಕೆಲಸ ಸಿಗಲಿಲ್ಲ. ಕೇಂಬ್ರಿಡ್ಜ್ ಕೊಡಲೊಪ್ಪಿದ 70 ಪೌಂಡ್ ವಿದ್ಯಾರ್ಥಿವೇತನ ಅಲ್ಲಿನ ಖರ್ಚಿಗೆ ಸಾಲುತ್ತಿರಲಿಲ್ಲ. ಬ್ರಿಸ್ಟಲ್‌ನವರು ಶುಲ್ಕವಿಲ್ಲದೆ ಗಣಿತ ಕಲಿಸಲು ಒಪ್ಪಿದ್ದರಿಂದ ಎರಡು ವರ್ಷ ಅಲ್ಲೇ ಓದಿ, 1923ರಲ್ಲಿ ಕೇಂಬ್ರಿಡ್ಜ್ ಸೇರಿದರು. ಎಂಜಿನಿಯರಿಂಗ್ ಓದಿದ್ದಕ್ಕೆ ಅವರು ಎಂದೂ ಮರುಗಲಿಲ್ಲ. ಅಂದಾಜಿನ ಲೆಕ್ಕದಲ್ಲೂ ಸೊಬಗಿದೆಯೆಂದು ತನಗೆ ತಿಳಿದದ್ದೇ ಅದರಿಂದ ಎನ್ನುತ್ತಿದ್ದರು. ಇಬ್ಬರಿಗೂ ಎಂಜಿನಿಯರಿಂಗ್ ಆದಮೇಲೆ ಗಣಿತಕ್ಕೆ ಎರಡೆರಡು ವರ್ಷ ಸಿಕ್ಕಿತು. ಒಬ್ಬರಿಗೆ ಅಪ್ಪ ಕೊಟ್ಟರು, ಇನ್ನೊಬ್ಬರಿಗೆ ಕಾಲೇಜು.

ಭಾಭಾ ಸೈದ್ಧಾಂತಿಕ ಭೌತವಿಜ್ಞಾನಿಯಾದರು. ಎಲೆಕ್ಟ್ರಾನು ಪಾಸಿಟ್ರಾನುಗಳು ಢಿಕ್ಕಿಯಾಗಿ ಚದುರುವ ಪರಿಯನ್ನು ಅವರು ಲೆಕ್ಕಹಾಕಿದರು. ಅದಕ್ಕೆ ಇಂದಿಗೂ ಅವರದೇ ಹೆಸರು. 1937ರಲ್ಲಿ ಹೈಟ್ಲರ್ ಜೊತೆ ಸೇರಿ, ವಿಶ್ವಕಿರಣಗಳು ವಾತಾವರಣದಲ್ಲಿ ಕಣಗಳ ಮಳೆಯನ್ನೇ ಸುರಿಸುವುದು ಹೇಗೆಂದು ವಿವರಿಸಿದರು.

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಯುದ್ಧ ಶುರುವಾಯಿತು. ಹಿಂತಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ ರೀಡರ್ ಆದರು. ಅಲ್ಲಿ ಅವರ ಕೈಗೆ ಮತ್ತೆ ಯಂತ್ರಗಳು ಬಂದವು: ಕಾಗದದ ಮೇಲೆ ಲೆಕ್ಕ ಹಾಕಿದ್ದ ಅದೇ ವಿಶ್ವಕಿರಣಗಳನ್ನು ಅಳೆಯುವ ಉಪಕರಣಗಳನ್ನು ಕಟ್ಟಿಸಿ, ವಿಮಾನದಲ್ಲಿ ಮೇಲಕ್ಕೆ ಕಳಿಸಿದರು.